ಎಲ್ಲವೂ ‘ಸಮ’ ಆಗಬೇಕೆನ್ನುವವಳು

ನಮ್ಮ ಕಡೆಯ ಮಾತಿನಲ್ಲಿ ‘ಸಮ’ ಎಂಬ ಎರಡಕ್ಷರಕ್ಕೆ ಇರುವ ತೂಕ ಬೇರೆ ಶಬ್ದಕ್ಕೆ ಇದ್ದಂತಿಲ್ಲ. ಕುಂದಾಪುರದ ಯಾವ ಅಡುಗೆಮನೆಗೆ ಹೋಗಿ ಕಿವಿಗೊಟ್ಟರೂ ದಿನಕ್ಕೆ ಹತ್ತು ಸಲ ಅದು ಕೇಳುತ್ತದೆ. “ಹಿಟ್ಟು ಸಮ ಆಯ್ಲಿಲ್ಲ.” “ಉಪ್ಪು ಸಮ ಇತ್ತಾ ಕಾಣ್.” “ಅವಳು ಗುಡಿಸಿದ್ದು ಸಮ ಇಲ್ಲ ಮಾರಾಯ್ತಿ.” ಅತ್ತ ಬೈಂದೂರಿಗೆ ಹೋಗಿ, ಇತ್ತ ಬ್ರಹ್ಮಾವರಕ್ಕೆ ಬನ್ನಿ, ಮಾತು ಇದೇ. ಒಂದೊಂದು ಮನೆಯಲ್ಲೂ ಈ ಶಬ್ದವನ್ನು ಗುತ್ತಿಗೆ ಹಿಡಿದ ಹೆಂಗಸು ಒಬ್ಬಳಾದರೂ ಇರುತ್ತಾಳೆ. ಅವಳು ಮಡಚಿದ ಸೀರೆಯ ಅಂಚು ಅಂಚಿಗೆ ಕೂಡಿರುತ್ತದೆ. ಅವಳ ಡಬ್ಬಿಗಳು ಎತ್ತರದ ಪ್ರಕಾರ ಸಾಲಾಗಿ ನಿಂತಿರುತ್ತವೆ. ಬೇರೆಯವರು ಮಾಡಿದ ಕೆಲಸವನ್ನು ಇನ್ನೊಮ್ಮೆ ಮಾಡದೆ ಅವಳಿಗೆ ನಿದ್ದೆ ಬರುವುದಿಲ್ಲ.

ಇಂಥವಳ ಕಥೆ ಬರೆಯಬೇಕೆಂದು ನನಗೆ ಬಹಳ ದಿನಗಳ ಆಸೆ. ಅನ್ನ ಕುದಿಯುವಾಗ ನಾಲ್ಕು ಸಾಲು, ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ನಾಲ್ಕು ಸಾಲು ಬರೆಯುವ ಪೈಕಿಯವಳು ನಾನು. ಈ ಪತ್ರಿಕೆಯ ಓದುಗ ಸೋದರಿಯರಲ್ಲಿ ನನ್ನಂಥವರು ಕಡಿಮೆಯೇನಲ್ಲ ಎಂದು ಬಲ್ಲೆ. ಆದರೆ ಕಥೆಗಳಲ್ಲಿ, ಈಗಿನ ಟಿ.ವಿ. ಧಾರಾವಾಹಿಗಳಲ್ಲಿ ಈ ಹೆಂಗಸು ಹೇಗೆ ಬರುತ್ತಾಳೆ ನೋಡಿ. ಹುಬ್ಬು ಗಂಟಿಕ್ಕಿಕೊಂಡೇ ಬರುತ್ತಾಳೆ. ಬೆರಳಿನಿಂದ ಕಪಾಟಿನ ಧೂಳು ಒರೆಸಿ ನೋಡುತ್ತಾಳೆ. ಸೊಸೆಯ ಕಣ್ಣಲ್ಲಿ ನೀರು ತರಿಸುತ್ತಾಳೆ. ಕೊನೆಗೆ ಬಚ್ಚಲಲ್ಲಿ ಜಾರಿ ಬಿದ್ದು, ಅದೇ ಸೊಸೆಯ ಕೈಯಿಂದ ಗಂಜಿ ಕುಡಿದು, ಒಂದೇ ದಿನದಲ್ಲಿ ಒಳ್ಳೆಯವಳಾಗಿಬಿಡುತ್ತಾಳೆ! ನಾವು ಮನೆಯಲ್ಲಿ ಕಂಡ ಹೆಂಗಸು ಹೀಗಿದ್ದಾಳೆಯೆ? ನನ್ನ ಅತ್ತೆಯಂತೂ ಹೀಗಿಲ್ಲ.

ಕಾಲೇಜಿನಲ್ಲಿ ಮನಃಶಾಸ್ತ್ರ ಓದುತ್ತಿರುವ ನನ್ನ ಮೈದುನನ ಮಗಳು ಕಳೆದ ರಜೆಯಲ್ಲಿ ಬಂದಾಗ ಈ ಮಾತು ಎತ್ತಿದೆ. “ಅದಕ್ಕೇನು ದೊಡ್ಡಮ್ಮ, ನಿಮ್ಮ ಕಥೆಯ ಹೆಂಗಸು ಯಾವ ಟೈಪ್ ಅಂತ ಮೊದಲು ತೀರ್ಮಾನ ಮಾಡಿ, ಮತ್ತೆ ಬರೆಯೂದು ಸಲೀಸು” ಎಂದಳು. ಫೋನು ತೆಗೆದು ತೋರಿಸಿದಳು. ಮನುಷ್ಯರಲ್ಲಿ ಹದಿನಾರು ಬಗೆಯಂತೆ, ಒಂದೊಂದಕ್ಕೂ ನಾಲ್ಕು ಇಂಗ್ಲಿಷ್ ಅಕ್ಷರದ ಹೆಸರು. ಇನ್ನೊಂದು ಪದ್ಧತಿಯಲ್ಲಿ ಒಂಬತ್ತು ಬಗೆ. ಎನ್ನಿಯಗ್ರಾಮ್ ಎಂದು ಕರೆಯುವ, 1970ರ ದಶಕದಲ್ಲಿ ಈಗಿನ ರೂಪ ಪಡೆದು ಹಬ್ಬಿದ ಆ ಪದ್ಧತಿಯಲ್ಲಿ ಮೊದಲನೇ ನಂಬರೇ ನಮ್ಮ ‘ಸಮ’ದವಳಿಗೆ ಮೀಸಲು! ಪರದೇಶಗಳಲ್ಲಿ ಕಥೆ ಬರೆಯುವವರು ಇವನ್ನು ಮುಂದಿಟ್ಟುಕೊಂಡೇ ಪಾತ್ರ ಕಟ್ಟುತ್ತಾರಂತೆ. ಬಗೆ ಆರಿಸಿದರೆ ಆಯಿತು, ಅವಳ ಗುಣ, ದೋಷ, ಭಯ, ಆಸೆ ಎಲ್ಲಾ ಪಟ್ಟಿ ಮಾಡಿ ಇಟ್ಟಿದೆ. ಅಂಗಡಿಯಿಂದ ಸಾರಿನ ಪುಡಿ ತಂದ ಹಾಗೆ.

ಸಾರಿನ ಪುಡಿಯನ್ನು ನಾನು ಹಳಿಯುವವಳಲ್ಲ. ಅವಸರಕ್ಕೆ ಒದಗುತ್ತದೆ. ಆದರೆ ಅದು ಎಲ್ಲಿಂದ ಬಂತು, ಎಷ್ಟು ಹಾಕಬೇಕು ಎಂದು ತಿಳಿದಿರುವುದು ಒಳ್ಳೆಯದಲ್ಲವೆ?

ತಾಯಿ ಮಗಳ ಲೆಕ್ಕಾಚಾರ

ಹದಿನಾರು ಬಗೆಯ ಪದ್ಧತಿಯ ಹಿಂದಿರುವವರು ಇಬ್ಬರು ಹೆಂಗಸರು, ಅದೂ ತಾಯಿ ಮತ್ತು ಮಗಳು. ಅಮೆರಿಕದ ಕ್ಯಾಥರೀನ್ ಬ್ರಿಗ್ಸ್ ಮನೆಯಲ್ಲಿದ್ದುಕೊಂಡೇ ಮಗಳು ಇಸಾಬೆಲ್‌ಳನ್ನು ಬೆಳೆಸಿ, ಓದಿಸಿದ ಗೃಹಿಣಿ. ಮನಃಶಾಸ್ತ್ರದಲ್ಲಿ ಆಕೆಗೆ ಪದವಿ ಇರಲಿಲ್ಲ. ಮನುಷ್ಯರು ಒಬ್ಬರಿಗಿಂತ ಒಬ್ಬರು ಯಾಕಿಷ್ಟು ಬೇರೆ ಎಂಬ ಕುತೂಹಲ ಮಾತ್ರ ಬೆಟ್ಟದಷ್ಟಿತ್ತು. ಸ್ವಿಟ್ಜರ್ಲೆಂಡಿನ ಕಾರ್ಲ್ ಯೂಂಗ್ 1921ರಲ್ಲಿ ಜರ್ಮನ್ ಭಾಷೆಯಲ್ಲಿ ಸ್ವಭಾವದ ಬಗೆಗಳ ಮೇಲೆ ಪುಸ್ತಕ ಪ್ರಕಟಿಸಿದರು. 1923ರಲ್ಲಿ ಅದು ಇಂಗ್ಲಿಷಿಗೆ ಬಂದಾಗ ಈಕೆ ಅದನ್ನು ಓದಿ, ತನ್ನ ಲೆಕ್ಕಾಚಾರವನ್ನು ಅದಕ್ಕೆ ಹೊಂದಿಸಿಕೊಂಡಳು. ಮುಂದೆ ಎರಡನೇ ಮಹಾಯುದ್ಧದ ಕಾಲದಲ್ಲಿ ಮಗಳು ಅದನ್ನು ಪ್ರಶ್ನಾವಳಿಯ ರೂಪಕ್ಕೆ ತಂದಳು. ಇಬ್ಬರ ಹೆಸರೂ ಸೇರಿ ಅದು ‘ಮೈಯರ್ಸ್-ಬ್ರಿಗ್ಸ್’ ಆಯಿತು.

ನನಗೆ ಇದರಲ್ಲಿ ರುಚಿಸಿದ್ದು ಬೇರೆ ಸಂಗತಿ. ಮಗಳು ಇಸಾಬೆಲ್ ಮೈಯರ್ಸ್ ಮೊದಲು ಹೆಸರು ಮಾಡಿದ್ದು ಪ್ರಶ್ನಾವಳಿಗಲ್ಲ, ಪತ್ತೇದಾರಿ ಕಾದಂಬರಿಗೆ! ‘ಮರ್ಡರ್ ಯೆಟ್ ಟು ಕಮ್’ ಎಂಬ ಆಕೆಯ ಕಾದಂಬರಿ ಪತ್ರಿಕೆಯ ಸ್ಪರ್ಧೆಯಲ್ಲಿ ಗೆದ್ದು 1930ರಲ್ಲಿ ಪುಸ್ತಕವಾಯಿತು. ಹಾಗಾಗಿ ಸ್ವಭಾವದ ಬಗೆಗೂ ಕಥೆಗೂ ನಂಟು ನಿನ್ನೆ ಮೊನ್ನೆಯದಲ್ಲ.

ಹಾಗೆಂದು ಇದನ್ನು ವೇದವಾಕ್ಯ ಮಾಡಿಕೊಳ್ಳಬೇಕಿಲ್ಲ. ಕೆಲವು ವಾರ ಬಿಟ್ಟು ಅದೇ ಪ್ರಶ್ನೆಗಳಿಗೆ ಮತ್ತೆ ಉತ್ತರಿಸಿದರೆ ಹಲವರ ಬಗೆ ಬದಲಾಗಿಬಿಡುತ್ತದೆ ಎಂಬುದು ಮನಃಶಾಸ್ತ್ರಜ್ಞರ ಹಳೆಯ ಆಕ್ಷೇಪ. ಮನುಷ್ಯರನ್ನು ಹೀಗೆ ಪಾಲು ಹಾಕುವುದು ನಮಗೂ ಹೊಸತಲ್ಲ. ವಾತ, ಪಿತ್ತ, ಕಫ ಎಂದು ದೇಹಪ್ರಕೃತಿಯನ್ನು, ಸಾತ್ವಿಕ, ರಾಜಸ, ತಾಮಸ ಎಂದು ಗುಣವನ್ನು ನಮ್ಮ ಹಿರಿಯರು ವಿಂಗಡಿಸಿಲ್ಲವೆ? ವಿಂಗಡಿಸಿದ್ದು ಅನುಕೂಲಕ್ಕೆ. ಅಷ್ಟರಿಂದಲೇ ಮನುಷ್ಯನನ್ನು ತಿಳಿದಂತಾಗುವುದಿಲ್ಲ.

ವೇಷ ಒಂದೇ, ಅರ್ಥ ಬೇರೆ

ಇದನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ಮಳೆಗಾಲ ಮುಗಿದು ಮೇಳಗಳು ತಿರುಗಾಟಕ್ಕೆ ಹೊರಟ ಮೇಲೆ ಯಾವುದಾದರೂ ಹರಕೆ ಆಟಕ್ಕೆ ಹೋಗಿ ಕೂರಿ. ಮಂದಾರ್ತಿ ಮೇಳದ್ದಾಗಲಿ, ಮಾರಣಕಟ್ಟೆ ಮೇಳದ್ದಾಗಲಿ. ರಂಗಸ್ಥಳಕ್ಕೆ ಬಂದವರ ತಲೆ ನೋಡಿಯೇ ನಾವು ಹೇಳಿಬಿಡುತ್ತೇವೆ, ಇದು ಕಿರೀಟದ ವೇಷ, ಇದು ಮುಂಡಾಸು, ಇದು ಕೇದಗೆ ಮುಂದಲೆ, ಇದು ಬಣ್ಣದ ವೇಷ, ಇದು ಹಾಸ್ಯ ಎಂದು. ಇದು ನಮ್ಮ ಊರಿನ ‘ಟೈಪು’!

ಅಭಿಮನ್ಯುವಿಗೂ ಕೇದಗೆ ಮುಂದಲೆ, ಬಭ್ರುವಾಹನನಿಗೂ ಕೇದಗೆ ಮುಂದಲೆ. ಇಬ್ಬರೂ ಎಳೆ ಪ್ರಾಯದ ವೀರರು. ಆದರೆ ಒಬ್ಬ ಚಕ್ರವ್ಯೂಹದ ಒಳಗೆ ಹೋಗಲು ತಿಳಿದು, ಹೊರಗೆ ಬರಲು ತಿಳಿಯದವ. ಇನ್ನೊಬ್ಬ ತನ್ನನ್ನು ಮಗನೆಂದು ಒಪ್ಪದ ತಂದೆಯ ಎದುರೇ ಬಿಲ್ಲು ಹಿಡಿಯಬೇಕಾದವ. ವೇಷ ಒಂದೇ ಆದರೂ ಸಂಕಟ ಬೇರೆ. ಭಾಗವತರು ಹಾಡುವ ಪದ್ಯ ಪ್ರಸಂಗದ ಪುಸ್ತಕದಲ್ಲಿದೆ. ಆದರೆ ಕಲಾವಿದ ಹೇಳುವ ಅರ್ಥ ಯಾವ ಪುಸ್ತಕದಲ್ಲೂ ಇಲ್ಲ. ಅದನ್ನು ಅವನು ಆ ಹೊತ್ತಿಗೆ ಒಳಗಿಂದ ತೆಗೆದು ಆಡಬೇಕು. ಅದಕ್ಕೇ ಅಲ್ಲವೆ, ನೂರು ಸಲ ನೋಡಿದ ಪ್ರಸಂಗಕ್ಕೂ ನಾವು ಮತ್ತೆ ಹೋಗಿ ಕೂರುವುದು?

ಕಥೆ ಬರೆಯುವಾಗಲೂ ಹೀಗೇ. ಬಗೆ ಎಂಬುದು ಚೌಕಿಯಲ್ಲಿ ಕಟ್ಟುವ ವೇಷ. ಅದಿಲ್ಲದೆ ರಂಗಕ್ಕೆ ಹೋಗಲಾಗದು, ನಿಜ. ಆದರೆ ಅರ್ಥ ಹೇಳಬೇಕಾದವರು ನಾವು.

ಮೂರು ಊರು, ಮೂವರು ಹೆಂಗಸರು

ನನ್ನ ಮೈದುನನ ಮಗಳು ತೋರಿಸಿದ್ದರಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಹದಿನಾರೂ ಅಲ್ಲ, ಒಂಬತ್ತೂ ಅಲ್ಲ, ಬರೇ ಮೂರು. ಕೆನಡಾದ ಪಾಲ್ ಹೆವಿಟ್ ಮತ್ತು ಗಾರ್ಡನ್ ಫ್ಲೆಟ್ ಎಂಬ ಮನಃಶಾಸ್ತ್ರಜ್ಞರು 1991ರಲ್ಲಿ ಹೇಳಿದ್ದು ಇದು. ಎಲ್ಲವೂ ಪರಿಪೂರ್ಣವಾಗಬೇಕೆಂಬ ಹಟ ಮೂರು ಕಡೆ ಮುಖ ಮಾಡಬಹುದಂತೆ. ಒಂದು, ತನ್ನ ಮೇಲೆಯೇ. ಎರಡು, ಬೇರೆಯವರ ಮೇಲೆ. ಮೂರನೆಯದು, ಬೇರೆಯವರು ತನ್ನಿಂದ ಅದನ್ನು ಬಯಸುತ್ತಾರೆ ಎಂಬ ಭಾವನೆಯಿಂದ ಬಂದದ್ದು. ಇದನ್ನು ಕೇಳಿದ್ದೇ ತಡ, ನನ್ನ ಕಣ್ಣೆದುರು ಮೂರು ಊರಿನ ಮೂವರು ಬಂದು ನಿಂತರು.

ಮೊದಲನೆಯವರು ಬ್ರಹ್ಮಾವರದ ಕಡೆಯ ನನ್ನ ತವರಿನಲ್ಲಿದ್ದ ಚಿಕ್ಕಮ್ಮ. ಊರಿನ ಮಕ್ಕಳ ಕಾಪಿಪುಸ್ತಕ ತಿದ್ದಿಕೊಡುತ್ತಿದ್ದರು, ಅಕ್ಷರ ಬಾರದವರಿಗೆ ಕಾಗದ ಬರೆದುಕೊಡುತ್ತಿದ್ದರು. ಯಾರ ತಪ್ಪಿಗೂ ಮುಖ ಗಂಟಿಕ್ಕಿದವರಲ್ಲ. “ಇಷ್ಟು ಬರೆದೆಯಲ್ಲ, ಸಾಕು ಮಗಾ” ಎನ್ನುವವರು. ಅವರು ಕಥೆ ಬರೆಯುತ್ತಾರೆಂದು ನಮಗೆಲ್ಲ ಗೊತ್ತಿತ್ತು, ಓದಿದವರು ಯಾರೂ ಇರಲಿಲ್ಲ. ತೀರಿಹೋದ ಮೇಲೆ ಟ್ರಂಕು ತೆಗೆದಾಗ ಹನ್ನೊಂದು ನೋಟುಪುಸ್ತಕ ಸಿಕ್ಕಿದವು. ಹನ್ನೊಂದರಲ್ಲೂ ಒಂದೇ ಕಥೆಯ ಮೊದಲ ಪುಟ. ಒಂದರಲ್ಲಿ ‘ಮಳೆ ಬರುತ್ತಿತ್ತು’ ಎಂದಿದ್ದದ್ದು ಇನ್ನೊಂದರಲ್ಲಿ ‘ಮಳೆ ಹೊಯ್ಯುತ್ತಿತ್ತು’ ಆಗಿದೆ. ಮತ್ತೊಂದರಲ್ಲಿ ಪುನಃ ‘ಬರುತ್ತಿತ್ತು’. ಅಕ್ಷರ ಮುತ್ತು ಪೋಣಿಸಿದಂತೆ. ಆ ಮಳೆಯಲ್ಲಿ ಯಾರು ಬಂದರು, ಏನಾಯಿತು ಎಂಬುದು ಯಾವ ಪುಸ್ತಕದಲ್ಲೂ ಇಲ್ಲ. ನಾವು ಹುಡುಕಿದೆವು. ಕೊನೆಯ ಪುಸ್ತಕದ ಹಿಂದಿನ ಹಾಳೆಯಲ್ಲಿ ಹಾಲಿನ ಲೆಕ್ಕವಿತ್ತು, ಅಷ್ಟೆ.

ಎರಡನೆಯವರು ಕುಂದಾಪುರದ ನಮ್ಮ ಮನೆಯಲ್ಲೇ ಇರುವ ನನ್ನ ಅತ್ತೆ. ಚಿಕ್ಕಮ್ಮನಿಗೂ ಇವರಿಗೂ ಫೋನಿನ ಪಟ್ಟಿಯಲ್ಲಿ ಒಂದೇ ಕೋಣೆ. ಆದರೆ ಇವರ ‘ಸಮ’ ಬೇರೆಯವರ ಕೈಗೆ ಹಾಕುವ ಅಳತೆಗೋಲು. ನಾವು ಸೊಸೆಯಂದಿರು ತೊಳೆದ ಪಾತ್ರೆಯನ್ನು ಅವರು ಮತ್ತೆ ತೊಳೆಯುತ್ತಿದ್ದರು. ಬಯ್ಯುವುದಿಲ್ಲ, ಬರೇ ಮತ್ತೆ ತೊಳೆಯುತ್ತಾರೆ. ಅದರಷ್ಟು ಚುಚ್ಚುವ ಬೈಗುಳ ಇನ್ನೊಂದಿಲ್ಲ ಎಂದು ಅನುಭವಿಸಿದವರೇ ಬಲ್ಲರು. ಬೇಸಿಗೆಯಲ್ಲಿ ಹಲಸಿನ ಹಪ್ಪಳ ಮಾಡಲು ಕೂತರೆ, ನಾವು ಒತ್ತಿದ್ದನ್ನು ಎತ್ತಿ, ಬೆಳಕಿಗೆ ಹಿಡಿದು, ಮತ್ತೆ ಉಂಡೆ ಮಾಡಿ ನಮ್ಮ ಮುಂದೆ ಇಡುತ್ತಿದ್ದರು.

ಒಂದು ಆಸಾಡಿ ಮಳೆಯ ದಿನ, ಹೊರಗೆ ಕಾಲಿಡಲು ಆಗದೆ ಒಲೆಯ ಬುಡದಲ್ಲಿ ಕೂತಿದ್ದಾಗ, ಅತ್ತೆ ತಾನಾಗಿ ಒಂದು ಸಂಗತಿ ಹೇಳಿದರು. ಅವರು ಹದಿನೈದನೇ ವಯಸ್ಸಿಗೆ ಈ ಮನೆಗೆ ಬಂದವರು. ಬಂದ ವರ್ಷವೇ ಶ್ರಾದ್ಧದ ದಿನ ಮಾವನವರ ಎಲೆಯಲ್ಲಿ ಒಂದು ಕೂದಲು ಬಂತಂತೆ. ಅವರು ಬಯ್ಯಲಿಲ್ಲ. ಒಂದು ಮಾತೂ ಆಡದೆ ಎಲೆಯಿಂದ ಎದ್ದುಹೋದರು. ಆ ದಿನ ಮನೆಯಲ್ಲಿ ಯಾರೂ ಉಣ್ಣಲಿಲ್ಲ. “ನನ್ನ ಕೂದಲೇ ಹೌದಾ ಅಂತ ಯಾರಿಗೂ ಗೊತ್ತಿಲ್ಲ. ಕೇಳಿದವರೂ ಇಲ್ಲ” ಎಂದರು ಅತ್ತೆ. ಇಷ್ಟು ವರ್ಷ ಅವರು ಪಾತ್ರೆಯಿಂದ ತೊಳೆದು ತೆಗೆಯುತ್ತಿದ್ದದ್ದು ಏನನ್ನು ಎಂದು ನನಗೆ ಆಗ ತೋರಿತು.

ಈಗ ಅತ್ತೆಗೆ ವಯಸ್ಸಾಗಿದೆ. ಕೈ ನಡುಗುತ್ತದೆ. ಈ ಸಲದ ಹಪ್ಪಳದಲ್ಲಿ ಅವರು ಒತ್ತಿದವು ಉರುಟಾಗಿ ಬರಲಿಲ್ಲ. ಅವನ್ನು ಡಬ್ಬಿಯ ತಳದಲ್ಲಿ ಸೇರಿಸಿಟ್ಟರು. ಮಳೆ ಹಿಡಿದ ಮೇಲೆ ನಾನು ಡಬ್ಬಿಗೆ ಕೈಹಾಕಿದಾಗ, “ಹೆಣೆ, ಅಡಿದ್ ತೆಗಿ. ಅದನ್ನ್ ಮೊದ್ಲ್ ಕರಿ” ಎಂದರು. ನೆಂಟರು ಬರುವ ಮುಂಚೆ ಮುಗಿಯಲಿ ಎಂದು. ಈ ಒಂದು ಮಾತನ್ನು ಯಾವ ಪಟ್ಟಿ ಬರೆದುಕೊಡುತ್ತದೆ ಹೇಳಿ?

ಮೂರನೆಯವಳು ಬೈಂದೂರಿಗೆ ಕೊಟ್ಟ ನನ್ನ ತಂಗಿ. ಸಣ್ಣವಳಿದ್ದಾಗ ಸಮುದ್ರದ ಬದಿಗೆ ಹೋದರೆ ಒಂದು ಚಪ್ಪಲಿ ಬಿಟ್ಟೇ ಬರುತ್ತಿದ್ದಳು. ಜಡೆ ಒಂದು ಬದಿ, ರಿಬ್ಬನ್ ಒಂದು ಬದಿ. ಅದೇ ತಂಗಿಯ ಮನೆಗೆ ಈಗ ಹೋದರೆ ನೆಲದಲ್ಲಿ ಮುಖ ಕಾಣಬೇಕು. ಕಾರಣವಿದೆ. ಕೊಲ್ಲೂರಿಗೆ ಹೋಗುವ ನೆಂಟರಿಷ್ಟರೆಲ್ಲ ರೈಲಿನಲ್ಲಿ ಬಂದು ಇಳಿಯುವುದು ‘ಮೂಕಾಂಬಿಕಾ ರೋಡ್ ಬೈಂದೂರು’ ನಿಲ್ದಾಣದಲ್ಲಿ. ಇಳಿದವರಿಗೆ ಇವಳ ಮನೆಯೇ ಮೊದಲ ಮೆಟ್ಟಿಲು. ಯಾವ ಹೊತ್ತಿಗೆ ಯಾರು ಬರುವರೋ! “ಎಂತಕ್ಕೆ ಇಷ್ಟು ಒದ್ದಾಡ್ತಿ?” ಎಂದು ಕೇಳಿದರೆ, “ಜನ ಎಂತ ಹೇಳ್ತ್ರ್ ಅಕ್ಕ?” ಎನ್ನುತ್ತಾಳೆ. ಯಾರೂ ಬರುವುದಿಲ್ಲವೆಂದು ಖಾತ್ರಿಯಾದ ದಿನ ಮಾತ್ರ ಮಧ್ಯಾಹ್ನದ ಪಾತ್ರೆ ಸಂಜೆಯವರೆಗೆ ಬಿದ್ದಿರುತ್ತದೆ, ಇವಳು ಕಾಲು ಚಾಚಿ ಪತ್ರಿಕೆ ಓದುತ್ತಿರುತ್ತಾಳೆ. ಅವಳ ಪರಿಪೂರ್ಣತೆ ಎರವಲು ತಂದ ಸೀರೆ. ಮೈಗೆ ಹತ್ತುವುದೂ ಇಲ್ಲ, ಹಿಂದೆ ಕೊಡಲಿಕ್ಕೂ ಆಗುವುದಿಲ್ಲ.

ಮನಸ್ಸನ್ನು ಹೆಚ್ಚು ಕುಗ್ಗಿಸುವುದು ಈ ಮೂರನೆಯದೇ ಎಂದು ಸಂಶೋಧಕರು ಹೇಳುತ್ತಾರೆ. ಥಾಮಸ್ ಕರನ್ ಮತ್ತು ಆಂಡ್ರ್ಯೂ ಹಿಲ್ ಎಂಬವರು ಅಮೆರಿಕ, ಕೆನಡಾ, ಬ್ರಿಟನ್‌ಗಳಲ್ಲಿ 1989ರಿಂದ 2016ರವರೆಗೆ 40,000ಕ್ಕೂ ಹೆಚ್ಚು ಕಾಲೇಜು ವಿದ್ಯಾರ್ಥಿಗಳು ಕೊಟ್ಟ ಉತ್ತರಗಳನ್ನು ಒಟ್ಟು ಮಾಡಿ ನೋಡಿದರು. ಮೂರೂ ಬಗೆಯ ಹಟ ಏರಿದೆ, ಎಲ್ಲಕ್ಕಿಂತ ಹೆಚ್ಚು ಏರಿದ್ದು ‘ಜನ ಏನೆನ್ನುವರೋ’ ಎಂಬುದು. ಅಲ್ಲಿಯ ಲೆಕ್ಕ ಇಲ್ಲಿಗೆ ಹಾಗೆಯೇ ಹೊಂದುತ್ತದೆಂದು ನಾನು ಹೇಳುವುದಿಲ್ಲ. ಆದರೆ ಒಂದು ಮಾರ್ಕು ಕಡಿಮೆಯಾದರೆ ಊಟ ಬಿಡುವ ಮಕ್ಕಳು ನಮ್ಮ ಮನೆಗಳಲ್ಲೂ ಇದ್ದಾರಲ್ಲ. ಅವರ ಕಥೆಯನ್ನೂ ಯಾರಾದರೂ ಬರೆಯಬೇಕು.

ಹಿರಿಯರು ಬರೆದ ಬಗೆ

ಈಗ ನಮ್ಮ ಭಾಷೆಯಲ್ಲಿ ಬಲ್ಲವರು ಏನು ಮಾಡಿದ್ದಾರೆ ನೋಡೋಣ. ಇಂದಿನ ಬ್ರಹ್ಮಾವರ ತಾಲ್ಲೂಕಿನ ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ನಮ್ಮ ಕರಾವಳಿಯದೇ ಕಥೆ. ಅದರಲ್ಲಿ ರಾಮ ಐತಾಳರ ಮನೆಯಲ್ಲಿ ಇಬ್ಬರು ಹೆಂಗಸರು. ಒಬ್ಬಳು ಮಕ್ಕಳಾಗದ ಹೆಂಡತಿ ಪಾರೋತಿ, ಇನ್ನೊಬ್ಬಳು ವಿಧವೆ ಸೋದರಿ ಸರಸೋತಿ. ಮಳೆ ಬಿಸಿಲೆನ್ನದೆ ಇಬ್ಬರೂ ದುಡಿಯುತ್ತಾರೆ. ಹೊರಗಿಂದ ನೋಡಿದರೆ ಒಂದೇ ಅಚ್ಚು. ಒಳಗೆ ಇಳಿದರೆ ಒಬ್ಬಳ ದುಡಿತ ತನ್ನ ಸ್ಥಾನ ಕೈತಪ್ಪೀತೆಂಬ ಅಳುಕಿನದು, ಇನ್ನೊಬ್ಬಳದು ಬೇರೆ ನೆಲೆಯಿಲ್ಲದವಳ ಸ್ವಾಭಿಮಾನದ್ದು ಎಂದು ನನಗೆ ಕಾಣುತ್ತದೆ. ಕಾರಂತರು ಎಲ್ಲೂ ಇವಳು ಇಂಥವಳು ಎಂದು ಹಣೆಪಟ್ಟಿ ಕಟ್ಟಿ ಕೂರಿಸಿಲ್ಲ.

ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಮಲೆನಾಡಿನ ಕಡೆಯದು. ಬಾಲ್ಯದಲ್ಲೇ ವಿಧವೆಯಾದ, ಇದ್ದೇ ಇದ್ದ ಒಬ್ಬ ಹೆಂಗಸಿನ ಬದುಕನ್ನು ತಾಯಿಯಿಂದ ಕೇಳಿ ಅವರು ಅದನ್ನು ಬರೆದರು. 1983ರಲ್ಲಿ ಪ್ರೇಮಾ ಕಾರಂತರು ಅದನ್ನು ಚಲನಚಿತ್ರ ಮಾಡಿದರು. ಫಣಿಯಮ್ಮನ ಮಡಿ, ನೇಮಗಳಲ್ಲಿ ಕೂದಲೆಳೆಯ ಲೋಪವಿಲ್ಲ. ಆದರೆ ಎಳೆಯ ವಿಧವೆಯೊಬ್ಬಳು ತಲೆ ಬೋಳಿಸಿಕೊಳ್ಳಲು ಒಪ್ಪದೆ ನಿಂತಾಗ ಫಣಿಯಮ್ಮ ಅವಳ ಪರ ವಹಿಸುತ್ತಾಳೆ. ತನಗೆ ಕಲ್ಲು, ಪರರಿಗೆ ಬೆಣ್ಣೆ. ಕೋಣೆಯ ಹೆಸರು ನೋಡಿ ಬರೆಯುವವರಿಗೆ ಈ ಜಾಗ ಸಿಕ್ಕುವುದೇ ಇಲ್ಲ.

ಇನ್ನು ತ್ರಿವೇಣಿ. 1928ರಲ್ಲಿ ಹುಟ್ಟಿ 1963ರಲ್ಲೇ ತೀರಿಕೊಂಡ ಈಕೆ ಮನಃಶಾಸ್ತ್ರವನ್ನೇ ಓದಿದವರು. ಬಗೆ, ಲಕ್ಷಣ, ಹೆಸರು ಎಲ್ಲಾ ಅವರಿಗೆ ಬಾಯಿಪಾಠವಿದ್ದೀತು. ಆದರೂ ‘ಶರಪಂಜರ’ದಲ್ಲಿ ಅವರು ಬರೆದದ್ದು ಕಾವೇರಿಯ ಕಾಯಿಲೆಯ ಹೆಸರನ್ನಲ್ಲ, ಗುಣವಾಗಿ ಮನೆಗೆ ಬಂದವಳನ್ನು ಗಂಡ, ನೆರೆಹೊರೆ ಯಾವ ಕಣ್ಣಿನಿಂದ ನೋಡಿದರು ಎಂಬುದನ್ನು. ನಮ್ಮ ಕುಂದಾಪುರದವರೇ ಆದ ವೈದೇಹಿಯವರ ‘ಅಕ್ಕು’ ಕಥೆಯಲ್ಲೂ ಹಾಗೆಯೇ. ಮನೆಯವರು ಮರುಳಿ ಎಂದು ಬದಿಗಿಟ್ಟ ಹೆಂಗಸು ಎಷ್ಟು ಕಂಡಿದ್ದಾಳೆ, ಎಷ್ಟು ನುಂಗಿದ್ದಾಳೆ ಎಂದು ಓದಿದವರಿಗೆ ತಿಳಿಯುತ್ತದೆ.

ಬರೆಯಲು ಕೂತಾಗ ಕೇಳಿಕೊಳ್ಳಿ

ಅಡುಗೆಯ ಪುಟದಲ್ಲಿ ಅಳತೆ ಕೊಡುವ ಹಾಗೆ ಇಲ್ಲಿ ಕೊಡಲಾಗದು. ಆದರೂ ನಾನು ಪೆನ್ನು ಹಿಡಿದಾಗ ಕೇಳಿಕೊಳ್ಳುವ ನಾಲ್ಕು ಪ್ರಶ್ನೆಗಳನ್ನು ಹೇಳುತ್ತೇನೆ. ಹಿಡಿಸಿದರೆ ಇಟ್ಟುಕೊಳ್ಳಿ.

1. ಇದು ಸಮ ಆಗದಿದ್ದರೆ ಏನಾಗಿಬಿಡುತ್ತದೆಂದು ಅವಳ ಹೆದರಿಕೆ? ‘ಕೊಳೆ ಉಳಿಯುತ್ತದೆ’ ಎಂಬುದು ಉತ್ತರವಲ್ಲ. ಅದರ ಹಿಂದೆ ಇನ್ನೊಂದಿರುತ್ತದೆ. ಊಟದ ಎಲೆಯಿಂದ ಎದ್ದುಹೋದ ಯಾರೋ ಇರುತ್ತಾರೆ.

2. ಯಾರೂ ನೋಡದಾಗ ಅವಳು ಏನು ಮಾಡುತ್ತಾಳೆ? ಒಬ್ಬಳೇ ಇದ್ದಾಗಲೂ ಮತ್ತೆ ಮತ್ತೆ ಬರೆಯುವವಳು ನನ್ನ ಚಿಕ್ಕಮ್ಮ. ಒಬ್ಬಳೇ ಇದ್ದಾಗ ಕಾಲು ಚಾಚುವವಳು ನನ್ನ ತಂಗಿ. ಈ ಒಂದು ಪ್ರಶ್ನೆಯಿಂದ ಇಬ್ಬರೂ ಬೇರೆಯಾಗುತ್ತಾರೆ.

3. ಅವಳ ‘ಸಮ’ಕ್ಕೆ ಬೆಲೆ ತೆರುವವರು ಯಾರು? ಮಗಳೋ, ಕೆಲಸದವಳೋ, ಅವಳ ಸೊಂಟವೋ? ಬೆಲೆ ತೆತ್ತವರ ಒಂದು ನೋಟ ಕಥೆಯಲ್ಲಿ ಬಾರದಿದ್ದರೆ ನ್ಯಾಯವಾಗುವುದಿಲ್ಲ.

4. ಅವಳ ಬದುಕಿನಲ್ಲಿ ಸಡಿಲವಾದ ಮೂಲೆ ಎಲ್ಲಿದೆ? ಇದ್ದೇ ಇರುತ್ತದೆ. ನನ್ನ ಅತ್ತೆಯ ಎಲೆಯಡಿಕೆ ಚೀಲವನ್ನು ನೋಡಬೇಕು ನೀವು! ಸುಣ್ಣದ ಡಬ್ಬಿ, ಬಸ್ಸಿನ ಚೀಟಿ, ಸೂಜಿ, ಒಣಗಿದ ಅಬ್ಬಲಿಗೆ ಎಲ್ಲಾ ಒಟ್ಟಿಗೆ. ಅದನ್ನು ಮುಟ್ಟಲು ಯಾರಿಗೂ ಬಿಡುವುದಿಲ್ಲ.

ಉತ್ತರ ಸಿಕ್ಕಿದ ಮೇಲೆ ‘ಅವಳು ಬಹಳ ಅಚ್ಚುಕಟ್ಟಿನವಳು’ ಎಂಬ ವಾಕ್ಯವನ್ನೇ ಬರೆಯಬೇಡಿ. ಅವಳ ಕೈಗೆ ಒಂದು ಕೆಲಸ ಕೊಡಿ. ನೀರುದೋಸೆ ಹುಯ್ಯಲಿ, ಮಿಡಿಮಾವು ಆರಿಸಲಿ, ಮದುವೆಗೆ ಹೂ ಕಟ್ಟಲಿ. ಕೈ ನೋಡಿದರೆ ಓದುಗರಿಗೆ ತಾನಾಗಿ ತಿಳಿಯುತ್ತದೆ. ಇನ್ನೊಂದು ಮಾತು. ಮನೆಯವರನ್ನು ಇದ್ದಂತೆ ಎತ್ತಿ ಕಥೆಗೆ ಹಾಕುವುದು ತರವಲ್ಲ. ಒಬ್ಬರ ಕೈ, ಇನ್ನೊಬ್ಬರ ಮಾತು, ಮತ್ತೊಬ್ಬರ ಊರು ಕೂಡಿಸಿ. ಈ ಬರಹದಲ್ಲಿ ಬಂದ ಅತ್ತೆಯ ಸಂಗತಿಯನ್ನು ಮೊದಲು ಅವರಿಗೇ ಓದಿ ಹೇಳಿ, ಒಪ್ಪಿಗೆ ಪಡೆದೇ ಕಳಿಸುತ್ತಿದ್ದೇನೆ. ಕೇಳಿ, “ಎಲೆಯಡಿಕೆ ಚೀಲದ್ ಎಂತಕ್ಕೆ?” ಎಂದು ಮಾತ್ರ ಕೇಳಿದರು.

ಎಚ್ಚರಿಕೆಯ ಒಂದು ಮಾತು ಹೇಳಲೇಬೇಕು. ಬಾಗಿಲ ಚಿಲಕವನ್ನು ಇಪ್ಪತ್ತು ಸಲ ನೋಡಿ ಬರುವುದು, ಚರ್ಮ ಸುಲಿದು ಬರುವವರೆಗೆ ಗಂಟೆಗಟ್ಟಲೆ ಕೈ ತೊಳೆಯುವುದು, ಬೇಡವೆಂದರೂ ನಿಲ್ಲಿಸಲಾಗದೆ ಅಳುವುದು, ಇವು ಸ್ವಭಾವವಲ್ಲ. ಅದು ಕಾಯಿಲೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ಅಂಥವರನ್ನು ಕಥೆಗಿಂತ 먼저 ಮನೋವೈದ್ಯರ ಹತ್ತಿರ ಕರೆದೊಯ್ಯಬೇಕು. 2022ರಲ್ಲಿ ಆರಂಭವಾದ ಸರಕಾರದ ‘ಟೆಲಿ ಮಾನಸ್’ಗೆ 14416 ನಂಬರಿಗೆ ಫೋನು ಮಾಡಿ ಉಚಿತವಾಗಿ ಮಾತಾಡಬಹುದು.

ಬರೆಯುವವರಾದ ನಮಗೂ ಈ ‘ಸಮ’ದ ಗಾಳಿ ಬಡಿಯದೆ ಇರುವುದಿಲ್ಲ. ಮೊದಲ ಪುಟ ಚೆನ್ನಾಗಿ ಬರಲಿಲ್ಲವೆಂದು ಎರಡನೇ ಪುಟಕ್ಕೆ ಹೋಗದಿದ್ದರೆ ಮಳೆ ಬರುತ್ತಲೇ ಇರುತ್ತದೆ, ಕದ ತಟ್ಟುವವರು ಯಾರೂ ಇರುವುದಿಲ್ಲ. ಕಥೆಯನ್ನು ಒಮ್ಮೆ ಕೊನೆ ಮುಟ್ಟಿಸಿ, ತಿದ್ದುವುದು ಆಮೇಲೆ. ಕಳಿಸಿದ್ದು ಹಿಂದೆ ಬಂದರೆ ಬರಲಿ. ಟ್ರಂಕಿನಲ್ಲಿ ಇಡುವುದಕ್ಕಿಂತ ವಾಸಿ.

ಕಳೆದ ತಿಂಗಳು ನನ್ನ ಕಥೆ ಮುಗಿಯಿತು. ಅದರಲ್ಲಿ ಒಬ್ಬ ಹೆಂಗಸು ರೈಲಿನಲ್ಲಿ ಬರುವ ನೆಂಟರಿಗಾಗಿ ಬೆಳಗಿನಿಂದ ಮನೆ ಒಪ್ಪ ಮಾಡುತ್ತಾಳೆ. ಕೆಲಸಕ್ಕೆ ಬರುವ ಹುಡುಗಿ ಆರು ಗಾಜಿನ ಲೋಟದಲ್ಲಿ ಒಂದನ್ನು ಒಡೆಯುತ್ತಾಳೆ. ಸಿಟ್ಟಿನಲ್ಲಿ ಅವಳನ್ನು ಮನೆಗೆ ಅಟ್ಟಿಬಿಡುತ್ತಾಳೆ. ಸಂಜೆಯಾದರೂ ನೆಂಟರು ಬರುವುದಿಲ್ಲ. ಐದು ಲೋಟ ಮೇಜಿನ ಮೇಲೆ ಇರುತ್ತವೆ. ಅಲ್ಲಿಗೆ ಕಥೆ ನಿಲ್ಲಿಸಿದ್ದೆ.

ಬೈಂದೂರಿನ ತಂಗಿಗೆ ಓದಲು ಕೊಟ್ಟೆ. ಇದು ನಾನಾ ಎಂದು ಕೇಳುತ್ತಾಳೇನೋ ಎಂದು ನನಗೆ ಅಳುಕಿತ್ತು. ಎರಡು ದಿನ ಬಿಟ್ಟು ಫೋನು ಮಾಡಿದಳು.

“ಅಕ್ಕ, ಅವಳು ಆ ಹುಡುಗಿಯನ್ನು ಮತ್ತೆ ಕರೆದಳಾ?”

“ಕಥೆ ಅಲ್ಲಿಗೆ ಮುಗಿಯಿತಲ್ಲೆ” ಎಂದೆ.

“ಮುಗಿದದ್ದು ನಿಂಗೆ. ಅವಳಿಗೆ ನಾಳೆ ಬೆಳಿಗ್ಗೆ ಎದ್ದು ಮತ್ತೆ ಗುಡಿಸಬೇಕಲ್ಲ” ಎಂದಳು ತಂಗಿ.